ಉಡುಗೆಯ ಜಾಹೀರಾತು ಮತ್ತು ಯುವಜನರ ಸ್ವಪ್ರತಿಮೆ: ಮೈಸೂರಿನ ಗೋಕುಲಂ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ಅವಲೋಕನ

ಪ್ರವೇಶ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬುದು ಕನ್ನಡ ಜನಪದರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ಉಣ್ಣುವ ಅನ್ನ ತನ್ನ ನಾಲಗೆಗೆ ಒಪ್ಪಬೇಕು, ಉಡುವ ಬಟ್ಟೆ ನೋಡುವವರ ಕಣ್ಣಿಗೆ ಒಪ್ಪಬೇಕು ಎಂಬುದು ಇದರ ತಾತ್ಪರ್ಯ. ಮೇಲುನೋಟಕ್ಕೆ ಇದು ಲೋಕರೂಢಿಯ ಬುದ್ಧಿಮಾತು. ಆದರೆ ಸೂಕ್ಷ್ಮವಾಗಿ ಪರಿಶೀಲಿಸಿದರೆ ಈ ಗಾದೆಯ ಒಡಲಲ್ಲಿ ಒಂದು ಮಹತ್ವದ ಪ್ರಶ್ನೆ ಅಡಗಿದೆ. ಇಲ್ಲಿ ‘ಪರರು’ ಎಂದರೆ ಯಾರು? ಯಾರ ಕಣ್ಣಿಗೆ ಒಪ್ಪಲೆಂದು ಮನುಷ್ಯ ಉಡುತ್ತಾನೆ? ಆ ಕಣ್ಣು ಬದಲಾದಾಗ ಉಡುವವನ ಮನಸ್ಸಿನಲ್ಲಿ ತನ್ನ ಬಗೆಗಿನ ಕಲ್ಪನೆಯೂ ಬದಲಾಗುತ್ತದೆಯೆ?

ಉಡುಗೆಯ ಜಾಹೀರಾತು ಯುವಜನರ ಮೌಲ್ಯಗಳನ್ನು ಹಾಗೂ ಸ್ವಪ್ರತಿಮೆಯನ್ನು ರೂಪಿಸುವ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯ ಮೂಲಕ ಚಾರಿತ್ರಿಕವಾಗಿ ಪರಿಶೀಲಿಸಲಾಗಿದೆ. ಅಧ್ಯಯನದ ಕೇಂದ್ರವಾಗಿ ಮೈಸೂರು ನಗರದ ಗೋಕುಲಂ ಬಡಾವಣೆಯನ್ನು ಇರಿಸಿಕೊಳ್ಳಲಾಗಿದೆ. ಇದಕ್ಕೆ ಕಾರಣವಿದೆ. ಮೈಸೂರು ರೇಷ್ಮೆಯ ಪರಂಪರೆ, ಸಿದ್ಧ ಉಡುಪುಗಳ ಮಾರುಕಟ್ಟೆ ಹಾಗೂ ಯೋಗಾಭ್ಯಾಸದ ನೆಪದಲ್ಲಿ ಬಂದ ಜಾಗತಿಕ ಉಡುಗೆ - ಈ ಮೂರೂ ಇಲ್ಲಿನ ಬೀದಿಗಳಲ್ಲಿ ಒಟ್ಟಿಗೆ ಕಾಣಸಿಗುತ್ತವೆ. ಒಂದು ಶತಮಾನದಷ್ಟು ಕಾಲದ ಪಲ್ಲಟಗಳನ್ನು ಒಂದೇ ಬಡಾವಣೆಯಲ್ಲಿ ಓದಲು ಇದರಿಂದ ಸಾಧ್ಯವಾಗುತ್ತದೆ.

ಜನಪದ ಸಮಾಜದಲ್ಲಿ ಉಡುಗೆಯ ಭಾಷೆ

ಜನಪದ ಉಡುಗೆಯನ್ನು ಶಾಸ್ತ್ರೀಯವಾಗಿ ವಿಶ್ಲೇಷಿಸಿದ ಮೊದಲಿಗರಲ್ಲಿ ಪ್ಯೋತ್ರ್ ಬೊಗತಿರ್ಯೋವ್ ಪ್ರಮುಖರು. ಮೊರಾವಿಯಾದ ಸ್ಲೊವಾಕ್ ಸೀಮೆಯ ಜನಪದ ಉಡುಗೆಯನ್ನು ಕುರಿತ ಅವರ ಕೃತಿ 1937ರಲ್ಲಿ ಪ್ರಕಟವಾಯಿತು. ಉಡುಗೆಗೆ ಒಂದೇ ಕಾರ್ಯವಿರುವುದಿಲ್ಲ. ಚಳಿ ಮಳೆಗಳಿಂದ ಕಾಯುವುದು, ಅಂದಗೊಳಿಸುವುದು, ವಯಸ್ಸು, ವೈವಾಹಿಕ ಸ್ಥಿತಿ, ಅಂತಸ್ತು, ಪ್ರದೇಶಗಳನ್ನು ಸೂಚಿಸುವುದು, ಮಾಂತ್ರಿಕ ರಕ್ಷಣೆ ನೀಡುವುದು - ಹೀಗೆ ಹಲವು ಕಾರ್ಯಗಳು ಅದರಲ್ಲಿ ಏಕಕಾಲಕ್ಕೆ ನೆಲೆಸಿರುತ್ತವೆ ಎಂದು ಅವರು ತೋರಿಸಿಕೊಟ್ಟರು. ಈ ಎಲ್ಲವೂ ಸೇರಿ ‘ಇದು ನಮ್ಮ ಉಡುಗೆ’ ಎಂಬ ಭಾವವನ್ನು ಸಮುದಾಯದಲ್ಲಿ ಮೂಡಿಸುತ್ತವೆ ಎಂಬುದು ಅವರ ವಿವೇಚನೆಯ ಮುಖ್ಯ ಅಂಶ.

ಕರ್ನಾಟಕದ ಸಂದರ್ಭದಲ್ಲಿ ಈ ಮಾತಿಗೆ ನಿದರ್ಶನಗಳು ಹೇರಳವಾಗಿವೆ. ಇಳಕಲ್ಲಿನ ಸೀರೆಯ ತೋಪುತೆನೆ ಸೆರಗು, ಗುಳೇದಗುಡ್ಡದ ಖಣದ ಕುಪ್ಪಸ, ಮೊಳಕಾಲ್ಮೂರಿನ ರೇಷ್ಮೆ, ಕುರುಬರ ಕರಿಯ ಕಂಬಳಿ, ಕೊಡಗಿನ ಕುಪ್ಯ ಮತ್ತು ಸೀರೆ ಉಡುವ ವಿಶಿಷ್ಟ ಕ್ರಮ - ಇವು ನೋಡಿದೊಡನೆ ಉಟ್ಟವರ ಸೀಮೆಯನ್ನೂ ಸಮುದಾಯವನ್ನೂ ಹೇಳುತ್ತಿದ್ದವು. ಬಟ್ಟೆ ಸಂಬಂಧಗಳನ್ನು ಹೆಣೆಯುವ ಸಾಧನವೂ ಆಗಿತ್ತು. ಮಡಿಲು ತುಂಬುವಾಗ ಕೊಡುವ ಕುಪ್ಪಸದ ಕಣ, ಮದುವೆಯಲ್ಲಿ ಬೀಗರಿಗೆ ಹೊದಿಸುವ ಶಲ್ಯ, ಮುಯ್ಯಿಯಾಗಿ ಬರುವ ಸೀರೆ, ಹಬ್ಬಕ್ಕೆ ತವರಿನಿಂದ ಬರುವ ಉಡುಗೊರೆ - ಇವೆಲ್ಲ ಕೊಟ್ಟವರ ಹೆಸರಿನೊಂದಿಗೇ ನೆನಪಿನಲ್ಲಿ ಉಳಿಯುವ ಬಟ್ಟೆಗಳು. ‘ಉಡುಗೊರೆ’ ಎಂಬ ಪದದಲ್ಲಿಯೇ ಉಡುಗೆ ಸೇರಿಕೊಂಡಿರುವುದು ಗಮನಾರ್ಹ.

ಇನ್ನೊಂದು ಆಚರಣೆಯನ್ನು ಇಲ್ಲಿ ವಿಶೇಷವಾಗಿ ಉಲ್ಲೇಖಿಸಬೇಕು. ಹೊಸ ಬಟ್ಟೆಯನ್ನು ಉಡುವ ಮುನ್ನ ಅದರ ಅಂಚಿಗೆ ಅರಿಶಿನ ಇಲ್ಲವೆ ಕುಂಕುಮ ಹಚ್ಚಿ, ದೇವರ ಮುಂದಿಟ್ಟು, ಬಳಿಕ ಉಡುವುದು ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಇರುವ ರೂಢಿ. ಹೊಸದನ್ನುಟ್ಟ ಮಗುವಿಗೆ ದೃಷ್ಟಿ ತೆಗೆಯುವುದೂ ಇದರ ಮುಂದುವರಿಕೆ. ಹೊಸ ಬಟ್ಟೆಯ ಹೊಳಪಿಗೆ ಬೇಕೆಂದೇ ಒಂದು ಕಲೆಯನ್ನಿಡುವ ಈ ಕ್ರಿಯೆಯಲ್ಲಿ ಗಾಢವಾದ ಲೋಕದೃಷ್ಟಿಯಿದೆ. ಎಲ್ಲರ ಕಣ್ಣು ತನ್ನ ಮೇಲೆ ಬೀಳುವುದು ಸುಖದ ಸಂಗತಿಯಾಗಿರುವಂತೆಯೇ ಅಪಾಯದ ಸಂಗತಿಯೂ ಹೌದು ಎಂದು ಜನಪದರು ತಿಳಿದಿದ್ದರು. ಪರರ ನೋಟಕ್ಕೆ ಒಪ್ಪುವಂತೆ ಉಡಬೇಕು. ಆದರೆ ಆ ನೋಟಕ್ಕೆ ತನ್ನನ್ನು ಪೂರ್ತಿಯಾಗಿ ಒಪ್ಪಿಸಿಕೊಳ್ಳಬಾರದು ಎಂಬ ಎಚ್ಚರ ಅಲ್ಲಿತ್ತು.

ಆದರೆ ಈ ಸಮಾಜವನ್ನು ಆದರ್ಶೀಕರಿಸುವುದು ತರವಲ್ಲ. ‘ಪರರ ಇಚ್ಛೆ’ ಎಂಬುದು ಅಲ್ಲಿ ಬಹುಮಟ್ಟಿಗೆ ಊರಿನ ಮೇಲುಜಾತಿಯವರ ಇಚ್ಛೆಯಾಗಿತ್ತು. ಯಾರು ಮೊಣಕಾಲಿನ ಕೆಳಗೆ ಪಂಚೆ ಇಳಿಬಿಡಬಹುದು, ಯಾರು ರುಮಾಲು ಸುತ್ತಬಹುದು, ಯಾರು ಚಪ್ಪಲಿ ಮೆಟ್ಟಿ ಕೇರಿ ದಾಟಬಹುದು ಎಂಬ ಕಟ್ಟುಪಾಡುಗಳು ಭಾರತದ ಬಹುಪಾಲು ಹಳ್ಳಿಗಳಲ್ಲಿದ್ದಂತೆ ಇಲ್ಲಿಯೂ ಇದ್ದವು. ವಿಧವೆಯ ಸೀರೆಯ ಬಣ್ಣವನ್ನು ಆಕೆ ಆರಿಸಿಕೊಳ್ಳುತ್ತಿರಲಿಲ್ಲ. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ದಲಿತ ಮಹಿಳೆಯರನ್ನು ಉದ್ದೇಶಿಸಿ ಮಾತನಾಡುವಾಗ, ಜಾತಿಯ ಗುರುತಾಗಿ ಅಂಟಿಕೊಂಡ ಉಡುಗೆಯ ಕ್ರಮವನ್ನು ತೊರೆಯುವಂತೆ ಕರೆ ನೀಡಿದರು. ಉಡುಗೆಯು ಗುರುತೂ ಹೌದು, ಸಂಕೋಲೆಯೂ ಹೌದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಚೀಟಿ, ಚಿತ್ರ ಮತ್ತು ಕ್ಯಾಲೆಂಡರು

ಜಾಹೀರಾತು ಎಂಬ ಕಲ್ಪನೆ ನಮಗೆ ತೀರ ಹೊಸದಲ್ಲ. ಡಂಗುರ, ಸಂತೆಯ ಕೂಗು, ಬಟ್ಟೆಯ ಗಂಟು ಹೊತ್ತು ಊರೂರು ತಿರುಗುವ ವ್ಯಾಪಾರಿ ಜಗಲಿಯ ಮೇಲೆ ಸೀರೆಗಳನ್ನು ಹರವಿ ಹೇಳುವ ವರ್ಣನೆ - ಇವು ಅದರ ಮೌಖಿಕ ರೂಪಗಳು. ಈ ರೂಪಗಳ ಲಕ್ಷಣವೆಂದರೆ ಮಾರುವವನೂ ಕೊಳ್ಳುವವನೂ ಎದುರೆದುರು ಇದ್ದರು. ವ್ಯಾಪಾರಿಯು ಬಟ್ಟೆಯನ್ನು ಹೊಗಳುತ್ತಿದ್ದ. ಉಡದವರನ್ನು ಹೀಗಳೆಯುವ ಸ್ವಾತಂತ್ರ್ಯ ಅವನಿಗಿರಲಿಲ್ಲ.

ಯಂತ್ರದ ಬಟ್ಟೆ ಬಂದಾಗ ಈ ಸಂಬಂಧ ಕಡಿಯಿತು. 19ನೇ ಶತಮಾನದ ಉತ್ತರಾರ್ಧದಲ್ಲಿ ಮ್ಯಾಂಚೆಸ್ಟರಿನ ಗಿರಣಿಗಳು ತಾವು ಕಳುಹಿಸುವ ಬಟ್ಟೆಯ ತಾನುಗಳಿಗೆ ಬಣ್ಣದ ಚೀಟಿಗಳನ್ನು ಅಂಟಿಸುತ್ತಿದ್ದವು. ದೇವದೇವತೆಗಳು, ರಾಜರು, ಆನೆ ಹುಲಿಗಳು, ಅಲಂಕೃತ ಸ್ತ್ರೀಯರು ಆ ಚೀಟಿಗಳಲ್ಲಿದ್ದರು. ಓದು ಬಾರದ ಗಿರಾಕಿ ಚಿತ್ರದ ಗುರುತಿನಿಂದ ಬಟ್ಟೆಯನ್ನು ಕೇಳಿ ಪಡೆಯುತ್ತಿದ್ದ. ನಮ್ಮಲ್ಲಿ ಉಡುಗೆಗೆ ಸಂಬಂಧಿಸಿದ ಮುದ್ರಿತ ಜಾಹೀರಾತಿನ ಆದಿರೂಪ ಇದೆನ್ನಬಹುದು.

ರಾಜಾ ರವಿವರ್ಮನ ಪ್ರಭಾವವನ್ನು ಈ ಹಿನ್ನೆಲೆಯಲ್ಲಿಯೇ ಗ್ರಹಿಸಬೇಕು. 1894ರಲ್ಲಿ ಮುಂಬಯಿಯಲ್ಲಿ ಆತ ಆರಂಭಿಸಿದ ಶಿಲಾಮುದ್ರಣಾಲಯದಿಂದ ಹೊರಬಂದ ಲಕ್ಷ್ಮಿ, ಸರಸ್ವತಿ, ದಮಯಂತಿಯರ ಚಿತ್ರಗಳು ಮನೆಮನೆಯ ಗೋಡೆಗೇರಿದವು. ಮೈಸೂರು ಅರಮನೆಯ ಆಶ್ರಯವೂ ಆತನಿಗೆ ದೊರೆತಿತ್ತು; ಬದುಕಿನ ಕೊನೆಯ ವರ್ಷಗಳಲ್ಲಿ ಆತ ಅರಮನೆಗಾಗಿ ರಚಿಸಿದ ಪೌರಾಣಿಕ ಚಿತ್ರಗಳು ಪ್ರಸಿದ್ಧವಾಗಿವೆ. ಪುರಾಣದ ಹೆಣ್ಣುಗಳಿಗೆಲ್ಲ ನಿರಿಗೆಯ ಸೀರೆಯನ್ನು ಉಡಿಸಿ, ಗೌರವರ್ಣವನ್ನು ತುಂಬಿ, ಒಂದು ನಿರ್ದಿಷ್ಟ ಮೈಕಟ್ಟನ್ನು ಕೊಟ್ಟ ಈ ಚಿತ್ರಗಳು ‘ಸುಂದರ ಸ್ತ್ರೀ’ಯ ಒಂದೇ ಮಾದರಿಯನ್ನು ನಾಡಿನುದ್ದಕ್ಕೂ ಹರಡಿದವು. ಈ ಚಿತ್ರಗಳೂ ಇವುಗಳ ಅನುಕರಣೆಗಳೂ ವಾಣಿಜ್ಯ ಚೀಟಿಗಳಲ್ಲಿ, ಕ್ಯಾಲೆಂಡರುಗಳಲ್ಲಿ ಬಳಕೆಯಾದವು. ಕಲಬುರಗಿಯಲ್ಲಿ ಜನಿಸಿದ ಎಸ್. ಎಂ. ಪಂಡಿತರಂಥ ಕಲಾವಿದರು 20ನೇ ಶತಮಾನದಲ್ಲಿ ಈ ಕ್ಯಾಲೆಂಡರ್ ಪರಂಪರೆಯನ್ನು ಇನ್ನಷ್ಟು ಬೆಳೆಸಿದರು. ಜವಳಿ ಅಂಗಡಿಯವರು ಯುಗಾದಿಗೋ ಹೊಸ ವರ್ಷಕ್ಕೋ ಕೊಡುತ್ತಿದ್ದ ಕ್ಯಾಲೆಂಡರು, ಅಂಗಡಿಯ ಹೆಸರು ಹೊತ್ತ ಬಟ್ಟೆಯ ಕೈಚೀಲ ಇವು ಮೈಸೂರು ಸೀಮೆಯ ಮನೆಗಳಲ್ಲಿ ವರ್ಷಗಟ್ಟಲೆ ಉಳಿಯುತ್ತಿದ್ದವು. ದೇವರ ಪಟವೇ ಜಾಹೀರಾತಾಗಿ, ಜಾಹೀರಾತೇ ದೇವರ ಪಟವಾಗಿ ಗೋಡೆಯ ಮೇಲೆ ನಿಂತದ್ದು ಈ ಘಟ್ಟದ ವೈಶಿಷ್ಟ್ಯ. ಇಲ್ಲಿಯವರೆಗೆ ಜಾಹೀರಾತು ಪೂಜ್ಯಭಾವವನ್ನು ಆಶ್ರಯಿಸಿತ್ತು. ನೋಡುಗನ ಕೊರತೆಯನ್ನು ಅದು ಎತ್ತಿ ಆಡುತ್ತಿರಲಿಲ್ಲ.

ರೇಷ್ಮೆ ಮತ್ತು ಖಾದಿ: ಎರಡು ಕರೆಗಳು

20ನೇ ಶತಮಾನದ ಪೂರ್ವಾರ್ಧದಲ್ಲಿ ಮೈಸೂರು ಸಂಸ್ಥಾನದ ಯುವಜನರ ಮುಂದೆ ಉಡುಗೆಯನ್ನು ಕುರಿತ ಎರಡು ಪ್ರಬಲ ಕರೆಗಳಿದ್ದವು. ಒಂದು ರೇಷ್ಮೆಯದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ ಯಂತ್ರಮಗ್ಗಗಳೊಂದಿಗೆ ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಆರಂಭವಾಯಿತು. ಅರಮನೆಯ ಬಳಕೆಗೆ ಮೊದಲಾದ ಈ ಬಟ್ಟೆ ಮುಂದೆ ನಾಡಿನ ಮಧ್ಯಮವರ್ಗದ ಮದುವೆಯ ಸೀರೆಯಾಯಿತು. 1980ರಲ್ಲಿ ಕಾರ್ಖಾನೆಯು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಆಡಳಿತಕ್ಕೆ ಬಂದಿತು. ಮುಂದೆ ಮೈಸೂರು ರೇಷ್ಮೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಈ ಸೀರೆಯ ಪ್ರಚಾರದ ಮಾತುಗಳಲ್ಲಿ ಎದ್ದು ಕಾಣುವ ಮೌಲ್ಯಗಳೆಂದರೆ ಶುದ್ಧತೆ, ಬಾಳಿಕೆ ಹಾಗೂ ಪರಂಪರೆ. ತಾಯಿಯ ಸೀರೆಯನ್ನು ಮಗಳು ಉಡಬಹುದು ಎಂಬ ಕಲ್ಪನೆಯೇ ಇದರ ಜಾಹೀರಾತು. ದಸರಾ ವಸ್ತುಪ್ರದರ್ಶನದ ಮಳಿಗೆಗಳು ಇದಕ್ಕೆ ದೊರೆತ ದೊಡ್ಡ ಪ್ರಚಾರ ವೇದಿಕೆಯಾಗಿದ್ದವು.

ಇನ್ನೊಂದು ಕರೆ ಖಾದಿಯದು. 1927ರಲ್ಲಿ ಗಾಂಧೀಜಿಯವರು ಆರೋಗ್ಯದ ಕಾರಣದಿಂದ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ಹಲವು ತಿಂಗಳು ತಂಗಿದ್ದರು. ಅದೇ ವರ್ಷದ ಜುಲೈನಲ್ಲಿ ಬೆಂಗಳೂರಿನಲ್ಲಿ ಖಾದಿ ಪ್ರದರ್ಶನ ನಡೆಯಿತು. ನಂಜನಗೂಡಿನ ಬಳಿಯ ಬದನವಾಳು ನೂಲುವ ಕೇಂದ್ರವಾಗಿ ಹೆಸರಾಯಿತು. ಸಂಸ್ಥಾನದ ಕಾಲೇಜುಗಳ ವಿದ್ಯಾರ್ಥಿಗಳು ಬಿಳಿಯ ದಪ್ಪ ಬಟ್ಟೆಯನ್ನು ಅಭಿಮಾನದಿಂದ ತೊಟ್ಟರು. ಖಾದಿಯ ಪ್ರಚಾರವೂ ಜಾಹೀರಾತಿನ ಹಲವು ತಂತ್ರಗಳನ್ನು ಬಳಸಿತೆಂಬುದನ್ನು ಮರೆಯುವಂತಿಲ್ಲ: ಘೋಷಣೆ, ಚಿತ್ರ, ಪ್ರದರ್ಶನ, ಗಣ್ಯರ ಮಾದರಿ ಎಲ್ಲವೂ ಅಲ್ಲಿದ್ದವು. ಎಮ್ಮಾ ಟಾರ್ಲೋ ಅವರು 1996ರಲ್ಲಿ ಪ್ರಕಟಿಸಿದ ಭಾರತದ ಉಡುಗೆಯ ಅಧ್ಯಯನದಲ್ಲಿ, ಏನನ್ನು ಉಡಬೇಕು ಎಂಬ ಪ್ರಶ್ನೆ ಇಲ್ಲಿನವರಿಗೆ ಎಷ್ಟು ದೊಡ್ಡ ನೈತಿಕ ಸಮಸ್ಯೆಯಾಗಿತ್ತು ಎಂಬುದನ್ನು ವಿವರವಾಗಿ ಚರ್ಚಿಸಿದ್ದಾರೆ. ಖಾದಿ ತೊಟ್ಟ ತರುಣನು ತನ್ನನ್ನು ದೇಶದ ಭಾಗವಾಗಿ ಕಂಡುಕೊಂಡ. ಆತನ ‘ಪರರು’ ಊರನ್ನು ದಾಟಿ ನಾಡಿನಷ್ಟು ವಿಸ್ತಾರವಾಗಿದ್ದರು.

ಹೀಗಾಗಿ ಜಾಹೀರಾತು ಎಂದೊಡನೆ ಅದು ಮೌಲ್ಯಗಳನ್ನು ಕೆಡಿಸುತ್ತದೆ ಎಂಬ ಸರಳ ತೀರ್ಮಾನಕ್ಕೆ ಬರಲಾಗದು. ಅದು ಯಾವ ಮೌಲ್ಯವನ್ನು ಬಟ್ಟೆಯೊಂದಿಗೆ ಹೊಲಿಯುತ್ತದೆ ಎಂಬುದು ಮುಖ್ಯ.

ದರ್ಜಿಯಿಂದ ಬ್ರಾಂಡಿನೆಡೆಗೆ

ಗೋಕುಲಂಗೆ ಹೊಂದಿಕೊಂಡ ಯಾದವಗಿರಿಗೆ ಪ್ರಸಾರ ಮಾಧ್ಯಮದ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ‘ವಿಠಲ ವಿಹಾರ’ದಿಂದ ರೇಡಿಯೋ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಪ್ರಸಿದ್ಧವಾದದ್ದು ಈ ನಿಲಯದಿಂದಲೇ. ಮನಸ್ಸನ್ನು ಅಧ್ಯಯನ ಮಾಡುವ ವಿದ್ವಾಂಸರೊಬ್ಬರು ಜನಶಿಕ್ಷಣದ ಆಶಯದಿಂದ ಮನೆಯೊಳಕ್ಕೆ ತಂದ ಪ್ರಸಾರ ಮಾಧ್ಯಮವು ಮುಂದಿನ ದಶಕಗಳಲ್ಲಿ ದೇಶದಾದ್ಯಂತ ವಾಣಿಜ್ಯದ ಹಾದಿಯನ್ನೂ ಹಿಡಿಯಿತು. 1967ರಲ್ಲಿ ವಿವಿಧ ಭಾರತಿಯಲ್ಲಿ, 1976ರಲ್ಲಿ ದೂರದರ್ಶನದಲ್ಲಿ ಜಾಹೀರಾತುಗಳಿಗೆ ಅವಕಾಶವಾಯಿತು. 1981ರಲ್ಲಿ ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾಯಿತು. ಮರುವರ್ಷವೇ ದೇಶದಲ್ಲಿ ವರ್ಣಪ್ರಸಾರ ಬಂದಿತು. ಬಟ್ಟೆಯ ಜಾಹೀರಾತಿಗೆ ಬಣ್ಣವೇ ಪ್ರಾಣ. ವಿಮಲ್ ಮೊದಲಾದ ಗಿರಣಿ ಬಟ್ಟೆಗಳ ಹೆಸರುಗಳು ಮನೆಮಾತಾದದ್ದು ಈ ದಶಕದಲ್ಲಿ.

ಆದರೂ 1980ರ ದಶಕದ ಯುವಕನ ಉಡುಗೆಯನ್ನು ಅಂತಿಮವಾಗಿ ರೂಪಿಸುತ್ತಿದ್ದವನು ದರ್ಜಿ. ಸುಧಾ, ಮಯೂರ, ತರಂಗಗಳಂಥ ಪತ್ರಿಕೆಗಳ ಬಣ್ಣದ ಪುಟದಲ್ಲಿಯೋ ಸಿನಿಮಾದಲ್ಲಿಯೋ ಕಂಡದ್ದನ್ನು ಆತ ಗಿರಾಕಿಯ ಮೈಯಳತೆಗೆ ಹೊಂದಿಸುತ್ತಿದ್ದ. 1987ರಲ್ಲಿ ತೆರೆಕಂಡ ‘ಪ್ರೇಮಲೋಕ’ ಕಾಲೇಜು ತರುಣರ ಉಡುಗೆಯ ಕಲ್ಪನೆಗೆ ಹೊಸ ಬಣ್ಣ ಕೊಟ್ಟಿತು. ನಾಯಕನ ಅಂಗಿಯನ್ನು ನೋಡಿ ಬಂದವನು ಅಂಥದೇ ಅಂಗಿ ಬೇಕೆಂದು ದರ್ಜಿಯ ಮುಂದೆ ನಿಂತಾಗ, ಅನುಕರಣೆಗೂ ಸ್ಥಳೀಯ ಕೈಯೊಂದರ ಮಧ್ಯಸ್ಥಿಕೆ ಇರುತ್ತಿತ್ತು. ಮೈಗೆ ತಕ್ಕಂತೆ ಬಟ್ಟೆಯನ್ನು ಕತ್ತರಿಸಲಾಗುತ್ತಿತ್ತು ಎಂಬುದು ಇಲ್ಲಿ ಮುಖ್ಯ.

1991ರ ಆರ್ಥಿಕ ಉದಾರೀಕರಣದ ನಂತರ ಈ ಸ್ಥಿತಿ ಪಲ್ಲಟಗೊಂಡಿತು. 1993ರಲ್ಲಿ ಅಲೆನ್ ಸಾಲಿ ಉಡುಪುಗಳು ಬೆಂಗಳೂರು ಮೂಲದ ಮಧುರಾ ಗಾರ್ಮೆಂಟ್ಸ್ ಮೂಲಕ ಭಾರತದ ಮಾರುಕಟ್ಟೆಗೆ ಬಂದವು. ಕಚೇರಿಗೆ ಶುಕ್ರವಾರ ಬಿಗಿಯಿಲ್ಲದ ಉಡುಪು ತೊಡುವ ಪಾಶ್ಚಾತ್ಯ ರೂಢಿಯನ್ನು ಅವುಗಳ ಪ್ರಚಾರ ಇಲ್ಲಿಗೆ ತಂದಿತು. 1995ರಲ್ಲಿ ಅರವಿಂದ್ ಮಿಲ್ಸ್ ಹೊಲಿಯಲು ಸಿದ್ಧವಾದ ‘ರಫ್ ಅಂಡ್ ಟಫ್’ ಜೀನ್ಸ್ ಬಟ್ಟೆಯ ಪೊಟ್ಟಣಗಳನ್ನು ಕಡಿಮೆ ಬೆಲೆಗೆ ಮಾರಿ, ಜೀನ್ಸನ್ನು ಸಣ್ಣ ಊರುಗಳ ದರ್ಜಿಯವರೆಗೂ ಮುಟ್ಟಿಸಿತು. 1925ರಲ್ಲಿ ಸ್ಥಾಪಿತವಾದ ರೇಮಂಡ್ ಸಂಸ್ಥೆಯು 1990ರ ದಶಕದಲ್ಲಿ ‘ಪರಿಪೂರ್ಣ ಪುರುಷ’ ಎಂಬ ಆಶಯದ ಸರಣಿಯನ್ನು ರೂಪಿಸಿತು. ಮಗುವನ್ನು ಎತ್ತಿ ಆಡಿಸುವ, ಗುರುವನ್ನು ನೆನೆಯುವ, ಮೃದುಮನಸ್ಸಿನ ಗಂಡಸನ್ನು ಅದು ಚಿತ್ರಿಸಿತು. ಪೌರುಷದ ಒರಟು ಕಲ್ಪನೆಗೆ ಪರ್ಯಾಯವನ್ನು ಒದಗಿಸಿದ ಈ ಸರಣಿಯ ಒಳ್ಳೆಯ ಅಂಶವನ್ನು ಅಲ್ಲಗಳೆಯಲಾಗದು. ಆದರೆ ಆ ಪರಿಪೂರ್ಣತೆ ಕೈಗೆಟಕುವುದು ಸೂಟಿನ ಮೂಲಕ ಎಂಬ ಸೂಚನೆಯೂ ಅದರಲ್ಲಿಯೇ ಇತ್ತು.

ಸಿದ್ಧ ಉಡುಪಿನ ವಿಸ್ತರಣೆಗೆ ಇನ್ನೊಂದು ಮುಖವೂ ಇದೆ. ಜೀನ್ಸ್ ಮತ್ತು ಟೀ ಶರ್ಟಿಗೆ ಜಾತಿಯಿಲ್ಲ. ಹಳ್ಳಿಯಿಂದ ಮೈಸೂರಿನ ಕಾಲೇಜಿಗೆ ಬಂದ ದಲಿತ, ಹಿಂದುಳಿದ ಸಮುದಾಯಗಳ ತರುಣ ತರುಣಿಯರಿಗೆ ಅದು ಊರಿನ ಕಣ್ಣಿನಿಂದ ಬಿಡುಗಡೆ. ಅಂಬೇಡ್ಕರ್ ಅವರ ಸೂಟು ಕೇರಿಕೇರಿಗಳ ಪ್ರತಿಮೆಗಳಲ್ಲಿ ಏನನ್ನು ಹೇಳುತ್ತಿದೆಯೋ ಅದರ ಒಂದು ಪಾಲು ಈ ಉಡುಗೆಯಲ್ಲಿಯೂ ಇದೆ. ಹೆಣ್ಣುಮಕ್ಕಳಿಗೆ ಚೂಡಿದಾರವೂ ಜೀನ್ಸೂ ಸೈಕಲ್, ಸ್ಕೂಟರುಗಳನ್ನೇರುವ ಅನುಕೂಲವನ್ನು ಕೊಟ್ಟವು. ಆದುದರಿಂದ ಹೊಸ ಉಡುಗೆಯನ್ನು ‘ಸಂಸ್ಕೃತಿಯ ನಾಶ’ ಎಂದು ಕರೆಯುವವರು ತಾವು ಯಾವ ಕಾಲದ, ಯಾರ ಸಂಸ್ಕೃತಿಯ ಪರವಾಗಿ ಮಾತನಾಡುತ್ತಿದ್ದೇವೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು.

ಗೋಕುಲಂ: ಲಂಗೋಟಿಯಿಂದ ಲೆಗ್ಗಿಂಗ್ಸಿನವರೆಗೆ

ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ, ಯಾದವಗಿರಿಗಳ ನೆರೆಯಲ್ಲಿರುವ ಗೋಕುಲಂ ಮೂಲತಃ ಶಾಂತವಾದ ಮಧ್ಯಮವರ್ಗದ ಬಡಾವಣೆ. ಇದರ ಹೆಸರು ಜಗತ್ತಿಗೆ ಪರಿಚಿತವಾದದ್ದು ಯೋಗದಿಂದ. ಆ ಚರಿತ್ರೆಯ ಆರಂಭ 1930ರ ದಶಕದಲ್ಲಿದೆ. ನಾಲ್ವಡಿಯವರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಬೋಧಿಸಿದರು. ಅವರ ‘ಯೋಗ ಮಕರಂದ’ 1934ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು. ಆ ಕಾಲದ ಛಾಯಾಚಿತ್ರಗಳಲ್ಲಿಯೂ 1938ರ ಚಲನಚಿತ್ರದ ತುಣುಕಿನಲ್ಲಿಯೂ ಗುರುಶಿಷ್ಯರು ತೊಟ್ಟಿರುವುದು ಗರಡಿಮನೆಯ ಪೈಲ್ವಾನರು ತೊಡುವಂಥ ತುಂಡು ಬಟ್ಟೆಯನ್ನು. ಅಂಗಸಾಧನೆಗೆ ಅಡ್ಡಿಯಾಗದಿರುವುದೇ ಅದರ ಏಕೈಕ ಕಾರ್ಯ. ಬೊಗತಿರ್ಯೋವರ ಪರಿಭಾಷೆಯಲ್ಲಿ ಹೇಳುವುದಾದರೆ ಉಪಯುಕ್ತತೆಯ ಕಾರ್ಯ ಮಾತ್ರ ಉಳಿದು ಉಳಿದೆಲ್ಲ ಕಾರ್ಯಗಳು ಕಳಚಿದ ಉಡುಗೆ ಅದು.

ಕೃಷ್ಣಮಾಚಾರ್ಯರ ಶಿಷ್ಯರಾದ ಕೆ. ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ಅಷ್ಟಾಂಗ ಯೋಗ ಸಂಸ್ಥೆಯನ್ನು ಸ್ಥಾಪಿಸಿದರು. 1960ರ ದಶಕದಿಂದ ವಿದೇಶಿ ಶಿಷ್ಯರು ಒಬ್ಬೊಬ್ಬರಾಗಿ ಬರತೊಡಗಿದರು. 2002ರಲ್ಲಿ ಯೋಗಶಾಲೆಯು ಗೋಕುಲಂಗೆ ಬಂದ ಬಳಿಕ ಬಡಾವಣೆಯ ಬದುಕೇ ಬದಲಾಯಿತು. ಹಲವು ದೇಶಗಳ ಅಭ್ಯಾಸಿಗಳು ಮನೆಗಳ ಮಹಡಿಗಳಲ್ಲಿ ಬಾಡಿಗೆಗೆ ನಿಂತರು. ಉಪಾಹಾರ ಗೃಹಗಳು, ಎಳನೀರಿನ ಅಂಗಡಿಗಳು, ಯೋಗದ ಚಾಪೆ ಹಾಗೂ ಉಡುಪುಗಳ ಮಾರಾಟ ಕಾಣಿಸಿಕೊಂಡವು. ಜೋಯಿಸರು 2009ರಲ್ಲಿ, ಅವರ ಮೊಮ್ಮಗ ಶರತ್ ಜೋಯಿಸರು 2024ರಲ್ಲಿ ನಿಧನರಾದರು.

ಇದೇ ಕಾಲದಲ್ಲಿ ಯೋಗದ ಉಡುಪು ಪಶ್ಚಿಮದಲ್ಲಿ ದೊಡ್ಡ ಉದ್ಯಮವಾಗಿ ಬೆಳೆಯುತ್ತಿತ್ತು. 1998ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಆರಂಭವಾದ ಲುಲುಲೆಮನ್ ಇದರ ಮುಂಚೂಣಿಯಲ್ಲಿತ್ತು. ಮೈಗೆ ಅಂಟಿದ ಲೆಗ್ಗಿಂಗ್ಸ್ ತೊಟ್ಟ, ಸಪೂರವಾದ, ಬೆವರಿಲ್ಲದ ದೇಹವು ಯೋಗದ ಲಾಂಛನವಾಯಿತು. 2013ರಲ್ಲಿ ಆ ಸಂಸ್ಥೆಯ ಲೆಗ್ಗಿಂಗ್ಸಿನ ಬಟ್ಟೆ ಪಾರದರ್ಶಕವಾಗಿದೆ ಎಂಬ ದೂರು ಬಂದು, ಮಾಲನ್ನು ಹಿಂಪಡೆಯಬೇಕಾಯಿತು. ಆಗ ಅದರ ಸ್ಥಾಪಕರು ಕೆಲವು ಹೆಂಗಸರ ಮೈಕಟ್ಟೇ ಆ ಉಡುಪಿಗೆ ಹೊಂದುವುದಿಲ್ಲ ಎಂಬರ್ಥದ ಮಾತನಾಡಿ, ತೀವ್ರ ವಿರೋಧವನ್ನು ಎದುರಿಸಿ, ಅಧ್ಯಕ್ಷ ಸ್ಥಾನದಿಂದ ಸರಿಯಬೇಕಾಯಿತು. ದರ್ಜಿಯ ಕಾಲದಲ್ಲಿ ಬಟ್ಟೆ ಮೈಗೆ ಒಪ್ಪದಿದ್ದರೆ ತಪ್ಪು ಬಟ್ಟೆಯದಾಗಿತ್ತು. ಈಗ ತಪ್ಪು ಮೈಯದಾಯಿತು. ಪ್ರಸ್ತುತ ಅಧ್ಯಯನದ ದೃಷ್ಟಿಯಿಂದ ಈ ಪಲ್ಲಟ ಅತ್ಯಂತ ಮಹತ್ವದ್ದು.

ಗೋಕುಲಂನ ಸ್ಥಳೀಯ ಯುವಜನರು ಈ ಉಡುಪನ್ನು ಮೊದಲು ಅತಿಥಿಗಳ ಮೈಮೇಲೆ ಕಂಡರು; ಅನಂತರ ಅಂತರ್ಜಾಲದ ಚಿತ್ರಗಳಲ್ಲಿ ತಮ್ಮದೇ ಬೀದಿಯ ಹಿನ್ನೆಲೆಯೊಂದಿಗೆ ಕಂಡರು. ಅಜ್ಜಿ ರೇಷ್ಮೆಯುಟ್ಟು ಚಾಮುಂಡಿಬೆಟ್ಟಕ್ಕೆ ಹೊರಡುವ, ತಾಯಿ ಚೂಡಿದಾರದಲ್ಲಿ ಕಚೇರಿಗೆ ಹೋಗುವ, ಮಗಳು ಲೆಗ್ಗಿಂಗ್ಸಿನಲ್ಲಿ ಬೆಳಗಿನ ಅಭ್ಯಾಸಕ್ಕೆ ನಡೆಯುವ ಮನೆ ಇಲ್ಲಿ ಅಪರೂಪವಲ್ಲ. ಈ ಮೂವರ ನಡುವೆ ಉಡುಗೆಯ ಬಗ್ಗೆ ಜಗಳಕ್ಕಿಂತ ಹೊಂದಾಣಿಕೆಯೇ ಹೆಚ್ಚು. ಹಬ್ಬದ ದಿನ ಮಗಳೂ ರೇಷ್ಮೆಯನ್ನೇ ಉಡುತ್ತಾಳೆ. ಸಂದರ್ಭಕ್ಕೆ ತಕ್ಕ ಉಡುಗೆ ಎಂಬ ಜನಪದ ವಿವೇಕ ಹೊಸ ರೂಪದಲ್ಲಿ ಮುಂದುವರಿದಿದೆ ಎಂದೇ ಇದನ್ನು ತಿಳಿಯಬೇಕು.

ಸ್ವಪ್ರತಿಮೆಯ ಪ್ರಶ್ನೆ

ಹಾಗಾದರೆ ಸಮಸ್ಯೆ ಇರುವುದೆಲ್ಲಿ? ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1954ರಲ್ಲಿ ಮಂಡಿಸಿದ ಸಾಮಾಜಿಕ ಹೋಲಿಕೆಯ ಸಿದ್ಧಾಂತದ ಪ್ರಕಾರ ಮನುಷ್ಯರು ಇತರರೊಂದಿಗೆ ಹೋಲಿಸಿಕೊಂಡು ತಮ್ಮ ಬೆಲೆಯನ್ನು ಅಳೆದುಕೊಳ್ಳುತ್ತಾರೆ. ಅದರಲ್ಲಿಯೂ ತಮಗೆ ಸಮೀಪವೆನಿಸಿದವರೊಂದಿಗೆ ಹೋಲಿಸಿಕೊಳ್ಳುತ್ತಾರೆ. ಕ್ಯಾಲೆಂಡರಿನ ಲಕ್ಷ್ಮಿಯೊಂದಿಗೆ ಯಾವ ಹುಡುಗಿಯೂ ತನ್ನನ್ನು ಹೋಲಿಸಿಕೊಳ್ಳುತ್ತಿರಲಿಲ್ಲ, ಆಕೆ ದೇವತೆ. ಚಿತ್ರನಟಿಯೂ ದೂರದವಳೇ. ಆದರೆ ಮೊಬೈಲಿನ ಪರದೆಯಲ್ಲಿ ತನ್ನ ಓರಗೆಯವಳೇ, ತನ್ನ ಊರಿನವಳೇ, ದಿನಕ್ಕೊಂದು ಉಡುಪು ತೊಟ್ಟು ನಗುತ್ತ ನಿಂತಾಗ ಹೋಲಿಕೆ ತಪ್ಪಿಸಿಕೊಳ್ಳಲಾಗದ್ದಾಗುತ್ತದೆ. ಆಕೆ ಹಣ ಪಡೆದು ತೊಟ್ಟಿದ್ದಾಳೆಯೋ ಇಷ್ಟಪಟ್ಟು ತೊಟ್ಟಿದ್ದಾಳೆಯೋ ತಿಳಿಯುವುದಿಲ್ಲ. ಕಲಾವಿಮರ್ಶಕ ಜಾನ್ ಬರ್ಜರ್ 1972ರಲ್ಲಿಯೇ ಗುರುತಿಸಿದಂತೆ, ಜಾಹೀರಾತು ನೋಡುಗನಲ್ಲಿ ತನ್ನ ಇಂದಿನ ಬದುಕಿನ ಬಗ್ಗೆ ಅತೃಪ್ತಿಯನ್ನು ಹುಟ್ಟಿಸಿ, ಕೊಂಡರೆ ತಾನು ಇತರರ ಅಸೂಯೆಗೆ ಪಾತ್ರನಾಗುವೆನೆಂಬ ಕನಸನ್ನು ಮಾರುತ್ತದೆ.

ಇಲ್ಲಿ ಜನಪದ ಲೋಕದೃಷ್ಟಿಯ ಒಂದು ಪೂರ್ಣ ತಿರುವನ್ನು ಕಾಣಬಹುದು. ಅಸೂಯೆಯ ಕಣ್ಣಿಗೆ ಹೆದರಿ ಹೊಸ ಬಟ್ಟೆಗೆ ಅರಿಶಿನ ಹಚ್ಚಿದ ಸಮಾಜದಲ್ಲಿ, ಅದೇ ಕಣ್ಣನ್ನು ಆಹ್ವಾನಿಸುವುದು ಗುರಿಯಾಗಿದೆ. ಜಾತ್ರೆ, ಗಣೇಶೋತ್ಸವ, ಹುಟ್ಟುಹಬ್ಬಗಳ ಫ್ಲೆಕ್ಸ್ ಫಲಕಗಳಲ್ಲಿ ಹಳ್ಳಿಯ ತರುಣರು ಕಪ್ಪು ಕನ್ನಡಕ, ಹೊಸ ಅಂಗಿಗಳೊಂದಿಗೆ ರೂಪದರ್ಶಿಗಳ ಭಂಗಿಯಲ್ಲಿ ನಿಲ್ಲುವುದನ್ನು ಹಾಸ್ಯ ಮಾಡುವವರಿದ್ದಾರೆ. ಆದರೆ ತನ್ನ ಮುಖವೂ ಊರಿನ ವೃತ್ತದಲ್ಲಿ ಕಾಣಲಿ ಎಂಬ ಅವರ ಆಸೆಯಲ್ಲಿ ತಲೆಮಾರುಗಳಿಂದ ಕಾಣದೆ ಉಳಿದವರ ಹಂಬಲವೂ ಇದೆ ಎಂಬುದನ್ನು ಸಂಶೋಧಕರು ಗಮನಿಸಬೇಕು.

ಈ ಮೌಲ್ಯಪಲ್ಲಟದ ಕಠೋರ ಮುಖ 2024ರಲ್ಲಿ ಬೆಂಗಳೂರಿನಲ್ಲಿ ಎರಡು ಬಾರಿ ಪ್ರಕಟವಾಯಿತು. ಫೆಬ್ರವರಿಯಲ್ಲಿ ಮೆಟ್ರೋ ನಿಲ್ದಾಣವೊಂದರಲ್ಲಿ ಬಟ್ಟೆ ಕೊಳೆಯಾಗಿದೆಯೆಂದು ರೈತರೊಬ್ಬರನ್ನು ತಡೆಯಲಾಯಿತು. ಜುಲೈನಲ್ಲಿ ಮಗನೊಂದಿಗೆ ಸಿನಿಮಾ ನೋಡಲು ಬಂದ ಹಿರಿಯ ರೈತರೊಬ್ಬರಿಗೆ ಪಂಚೆಯುಟ್ಟಿದ್ದಾರೆಂಬ ಕಾರಣಕ್ಕೆ ಮಾಲ್ ಒಂದರಲ್ಲಿ ಪ್ರವೇಶ ನಿರಾಕರಿಸಲಾಯಿತು. ನಾಡಿನಾದ್ಯಂತ ಪ್ರತಿಭಟನೆ ವ್ಯಕ್ತವಾಗಿ, ಪ್ರಕರಣ ವಿಧಾನಸಭೆಯಲ್ಲಿ ಚರ್ಚೆಯಾಗಿ, ಮಾಲ್ ಕೆಲವು ದಿನ ಮುಚ್ಚಿತು. ತಡೆದ ಕಾವಲುಗಾರರೂ ಹೆಚ್ಚಾಗಿ ಅಂಥದೇ ಮನೆಗಳಿಂದ ಬಂದವರು. ಎಂಥ ಉಡುಗೆಯವರು ಒಳಗಿರಲು ಅರ್ಹರು ಎಂಬ ಚಿತ್ರವನ್ನು ಗಾಜಿನ ಗೋಡೆಗಳ ಮೇಲಿನ ಜಾಹೀರಾತುಗಳು ನಿತ್ಯವೂ ಬೋಧಿಸುತ್ತಿರುವಾಗ, ತಂದೆಯ ಪಂಚೆಯೇ ಮಗನಿಗೆ ಅಪರಿಚಿತವಾಗುವ ದಿನ ದೂರವಿಲ್ಲ. ಊರಿನ ಹಳೆಯ ಕಟ್ಟುಪಾಡು ಬಿದ್ದ ಸ್ಥಳದಲ್ಲಿ ಪೇಟೆಯ ಹೊಸ ಕಟ್ಟುಪಾಡು ಎದ್ದಿದೆ.

ತೆರೆಮರೆಯ ಕೈಗಳು

ಜಾಹೀರಾತು ತೋರಿಸದ ಇನ್ನೊಂದು ಯುವಸಮೂಹವಿದೆ. ಬೆಂಗಳೂರು, ರಾಮನಗರ, ಮಂಡ್ಯ, ಮೈಸೂರು ಸೀಮೆಗಳ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಅನೇಕರು ಜಾಹೀರಾತಿನ ರೂಪದರ್ಶಿಯ ವಯಸ್ಸಿನವರೇ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ನಿಯಮ ಬದಲಾವಣೆಯ ವಿರುದ್ಧ ಬೆಂಗಳೂರಿನ ರಸ್ತೆಗಳಿಗೆ ಇಳಿದಾಗ ಇವರ ಸಂಖ್ಯೆ ನಾಡಿನ ಕಣ್ಣಿಗೆ ಬಿದ್ದಿತು. ಕೇಂದ್ರ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. 2020ರಲ್ಲಿ ಗೋಕುಲಂನಿಂದ ಹೆಚ್ಚು ದೂರವಿಲ್ಲದ ಶ್ರೀರಂಗಪಟ್ಟಣದಲ್ಲಿ ವಿದೇಶಿ ಬ್ರಾಂಡಿಗೆ ಹೊಲಿಯುತ್ತಿದ್ದ ಕಾರ್ಖಾನೆಯೊಂದು ಮುಚ್ಚಿ, ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡು ವಾರಗಟ್ಟಲೆ ಧರಣಿ ಕುಳಿತರು. ಜನಪದರಲ್ಲಿ ಬಟ್ಟೆಗೆ ನೇಕಾರನ ಊರಿನ ಹೆಸರಿತ್ತು: ಇಳಕಲ್, ಮೊಳಕಾಲ್ಮೂರು, ಗುಳೇದಗುಡ್ಡ. ಬ್ರಾಂಡಿನ ಬಟ್ಟೆಗೆ ಕೊಳ್ಳಿಸುವವನ ಹೆಸರು ಮಾತ್ರ ಇದೆ. ಮೌಲ್ಯಗಳ ಚರ್ಚೆಯಲ್ಲಿ ಮೈ ಎಷ್ಟು ಮುಚ್ಚಿದೆ ಎಂಬುದಕ್ಕೆ ದೊರೆತಷ್ಟು ಗಮನ ಈ ಮರೆವಿಗೆ ದೊರೆಯದಿರುವುದು ವಿಷಾದನೀಯ.

ಇದಕ್ಕೆ ಪ್ರತಿಯಾಗಿ ನಡೆದ ಪ್ರಯತ್ನಗಳು ನಮ್ಮಲ್ಲಿಯೇ ಇವೆ. ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ಸಾಗರದ ಬಳಿಯ ಭೀಮನಕೋಣೆಯಲ್ಲಿ ರೂಪುಗೊಂಡ ‘ಚರಕ’ ಮಹಿಳಾ ಸಹಕಾರ ಸಂಘವು ನೈಸರ್ಗಿಕ ಬಣ್ಣದ ಕೈಮಗ್ಗದ ಉಡುಪುಗಳನ್ನು ‘ದೇಸಿ’ ಮಳಿಗೆಗಳ ಮೂಲಕ ನಗರದ ಯುವಜನರಿಗೆ ತಲುಪಿಸಿತು. 2015ರಲ್ಲಿ ಅವರು ಬದನವಾಳಿನಲ್ಲಿ ಸತ್ಯಾಗ್ರಹ ಹಾಗೂ ಸಮಾವೇಶ ನಡೆಸಿ ಆ ನೂಲುವ ಊರನ್ನು ಮತ್ತೆ ನೆನಪಿಗೆ ತಂದರು. ಇಂಥ ಪ್ರಯತ್ನಗಳ ಆರ್ಥಿಕ ಬಲ ಚಿಕ್ಕದು. ಆದರೂ ಬಟ್ಟೆಯನ್ನು ಅದನ್ನು ಮಾಡಿದ ಕೈಯೊಂದಿಗೆ ಮತ್ತೆ ಜೋಡಿಸಿದ್ದು ಅವುಗಳ ಸಾಧನೆ.

ಉಪಸಂಹಾರ

ಜಾಹೀರಾತನ್ನು ನಿಯಂತ್ರಿಸುವ ವ್ಯವಸ್ಥೆಗಳು ಇಲ್ಲದಿಲ್ಲ. 1985ರಲ್ಲಿ ಸ್ಥಾಪಿತವಾದ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯು, ಮೈಬಣ್ಣದ ಆಧಾರದಿಂದ ಯಾರನ್ನೂ ಕೀಳಾಗಿ ತೋರಿಸಬಾರದೆಂದು 2014ರಲ್ಲಿ ಮಾರ್ಗಸೂಚಿ ನೀಡಿತು. ಹಣ ಪಡೆದು ಮಾಡುವ ಪ್ರಚಾರವನ್ನು ಸಾಮಾಜಿಕ ಮಾಧ್ಯಮಗಳಲ್ಲಿ ಹಾಗೆಂದೇ ತಿಳಿಸಬೇಕೆಂದು 2021ರಲ್ಲಿ ಸೂಚಿಸಿತು. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಗಳು ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತುಗಳ ಮೇಲೆ ಮಿತಿಗಳನ್ನು ವಿಧಿಸಿದವು. ಇವು ಅಗತ್ಯವೇ. ಆದರೆ ಸುಳ್ಳನ್ನು ತಡೆಯುವ ಶಕ್ತಿ ಕಾನೂನಿಗಿದೆ. ಹೋಲಿಕೆಯನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಆ ಕೆಲಸ ಶಿಕ್ಷಣದ್ದು ಮತ್ತು ಜಾನಪದ ಅಧ್ಯಯನದ್ದು. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯದಂಥ ಸಂಸ್ಥೆಗಳು ಹಳೆಯ ಉಡುಗೆಗಳನ್ನು ಜೋಪಾನ ಮಾಡಿವೆ. ಅವುಗಳ ಜೊತೆಗೆ ಗಿರಣಿಯ ಚೀಟಿ, ಜವಳಿ ಅಂಗಡಿಯ ಕ್ಯಾಲೆಂಡರು, ಕೈಚೀಲ, ಜೀನ್ಸಿನ ಪೊಟ್ಟಣ, ಫ್ಲೆಕ್ಸ್ ಫಲಕಗಳನ್ನೂ ಸಂಗ್ರಹಿಸಿ, ದಾಖಲಿಸಿ, ವಿದ್ಯಾರ್ಥಿಗಳ ಮುಂದಿಡಬೇಕಾಗಿದೆ. ಇವು ನಶಿಸುವ ವೇಗ ಹಳೆಯ ಸೀರೆಗಳು ನಶಿಸುವ ವೇಗಕ್ಕಿಂತ ಹೆಚ್ಚು. ತಾನು ನೋಡುತ್ತಿರುವ ಚಿತ್ರಕ್ಕೆ ಒಂದು ಚರಿತ್ರೆಯಿದೆ, ಅದನ್ನು ಯಾರೋ ಒಂದು ಉದ್ದೇಶಕ್ಕಾಗಿ ರಚಿಸಿದ್ದಾರೆ ಎಂದು ತಿಳಿದ ವಿದ್ಯಾರ್ಥಿಯು ಆ ಚಿತ್ರದೆದುರು ತನ್ನನ್ನು ಕೀಳಾಗಿ ಕಾಣುವ ಸಂಭವ ಕಡಿಮೆ.

ಒಟ್ಟಾರೆ ಹೇಳುವುದಾದರೆ, ಕಳೆದ ಒಂದು ಶತಮಾನದಲ್ಲಿ ಕನ್ನಡ ಯುವಜನರು ಉಡುಗೆಯ ವಿಷಯದಲ್ಲಿ ಊರಿನ ಕಣ್ಣಿನಿಂದ ನಾಡಿನ ಕಣ್ಣಿಗೆ, ನಾಡಿನ ಕಣ್ಣಿನಿಂದ ಮಾರುಕಟ್ಟೆಯ ಕಣ್ಣಿಗೆ ಸರಿದಿದ್ದಾರೆ. ಈ ಪಯಣದಲ್ಲಿ ಜಾತಿ ಹಾಗೂ ಲಿಂಗದ ಕೆಲವು ಕಟ್ಟುಗಳು ಸಡಿಲಗೊಂಡಿವೆ. ಅದು ಸಣ್ಣ ಗಳಿಕೆಯಲ್ಲ. ಆದರೆ ಊರಿನ ಕಣ್ಣಿಗೆ ಮುಖವಿತ್ತು. ಅದರೊಡನೆ ಜಗಳವಾಡಬಹುದಿತ್ತು, ಅದನ್ನು ನಾಚಿಸಬಹುದಿತ್ತು, ಕೆಲವೊಮ್ಮೆ ಬದಲಿಸಲೂಬಹುದಿತ್ತು. ಮಾರುಕಟ್ಟೆಯ ಕಣ್ಣಿಗೆ ಮುಖವಿಲ್ಲ. ‘ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಅಳಿಸಿಹಾಕುವುದು ಯಾವ ಕಾಲದಲ್ಲಿಯೂ ಸಾಧ್ಯವಿಲ್ಲ, ಏಕೆಂದರೆ ಮನುಷ್ಯ ಸಂಘಜೀವಿ. ಆ ಪರರು ಯಾರಾಗಿರಬೇಕು ಎಂಬುದನ್ನು ಆರಿಸಿಕೊಳ್ಳುವ ವಿವೇಕವನ್ನು ಹೊಸ ತಲೆಮಾರಿಗೆ ಒದಗಿಸುವುದು ಮಾತ್ರ ನಮ್ಮಿಂದ ಆಗಬಹುದಾದ ಹಾಗೂ ಆಗಲೇಬೇಕಾದ ಕೆಲಸ.